ಲಿಫ್ಟಣ್ಣ ಬಾಡಿಗೆ ಮನೆ ಹಿಡಿದದ್ದು

ಆ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ ಮೇಲೆ ಆ ಮನುಷ್ಯನಿಗೆ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ವಾಚ್‌ಮನ್‌ಗಳಿಂದ ಹಿಡಿದು ಆಸ್ಪತ್ರೆಯ ದೊಡ್ಡ ಡಾಕ್ಟರರವರೆಗೆ, ಅವನ ಕಂಪನಿಯ ಲಿಫ್ಟು ಇದ್ದ ಕಡೆಯೆಲ್ಲ, ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ವಯಸ್ಸು ಐವತ್ತೊಂದು. ಸಣಕಲು ಮೈ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಜೇಬಿನಲ್ಲಿ ಗೇಣುದ್ದದ ಟಾರ್ಚು. ಮಾತು ಕಡಿಮೆ. ಆದರೆ ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಕೊಂಡಾಗ ಮಾತ್ರ ಅವನ ನಾಲಿಗೆ ಸಡಿಲವಾಗುತ್ತಿತ್ತು. ಮುಚ್ಚಿದ ಬಾಗಿಲಿಗೆ ಕೆನ್ನೆ ತಾಗಿಸಿ ನಿಂತು, ಒಳಗಿದ್ದವರ ಮಕ್ಕಳ ಓದು, ಬೆನ್ನುನೋವು, ಬೆಳಗ್ಗೆ ಏನು ತಿಂದಿರಿ ಎಂದೆಲ್ಲ ಕೇಳುತ್ತ, ಅವರ ಉಸಿರು ಒಂದು ಹದಕ್ಕೆ ಬರುವವರೆಗೆ ಮಾತಾಡಿಸುತ್ತಿದ್ದ. ಆಮೇಲೆಯೇ ಕೆಲಸ.

ಬಡಾವಣೆಯ ಇನ್ನೂರಕ್ಕೂ ಹೆಚ್ಚು ಕಟ್ಟಡಗಳ ತಾರಸಿಯನ್ನೂ ತಳದ ಗುಂಡಿಯನ್ನೂ ಅವನು ಕಂಡಿದ್ದ. ನಡುವಿನ ಮನೆಗಳೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಅದಕ್ಕೆ ಕಾರಣವೂ ಇರಲಿಲ್ಲ. ಹದಿಮೂರು ವರ್ಷದಿಂದ ಅವನೂ ಅವನ ಹೆಂಡತಿಯೂ ಒಂದು ಹಳೆಯ ಒಂಟಿ ಮಹಡಿಯ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಮಗಳ ಮದುವೆಯಾಗಿದ್ದೂ ಆ ಮನೆಯಲ್ಲಿದ್ದಾಗಲೇ. ಆ ಮನೆ ಮಾರಾಟವಾಯಿತು. ಕೊಂಡವನು ಅದನ್ನು ಕೆಡವಿ ಆರು ಮಹಡಿ ಎಬ್ಬಿಸುವವನಿದ್ದ. ಖಾಲಿ ಮಾಡಲು ಎರಡು ತಿಂಗಳ ಗಡುವು ಕೊಟ್ಟು, ಹೊರಡುವಾಗ ಬೆನ್ನು ತಟ್ಟಿ, ಹೊಸ ಕಟ್ಟಡದ ಲಿಫ್ಟು ನಿಮ್ಮ ಕಂಪನಿಯದೇ ಎಂದು ಹೇಳಿ ಹೋದ.

ಬೇರೆ ಯಾರಾದರೂ ಆಗಿದ್ದರೆ ಊರ ಹೊರಗೆ ಅಗ್ಗದ ಮನೆ ನೋಡಿಕೊಳ್ಳುತ್ತಿದ್ದರು. ಲಿಫ್ಟಣ್ಣನಿಗೆ ಆ ದಾರಿ ಇರಲಿಲ್ಲ. ಕರೆ ಬಂದ ಹದಿನೈದು ನಿಮಿಷದೊಳಗೆ ಸ್ಥಳದಲ್ಲಿರಬೇಕು ಎಂಬುದು ಕಂಪನಿಯ ಕಟ್ಟುನಿಟ್ಟು. ಬಡಾವಣೆ ಬಿಟ್ಟರೆ ಕೆಲಸವನ್ನೂ ಬಿಟ್ಟಂತೆ. ಇತ್ತ, ಹೊಸ ರೈಲು ನಿಲ್ದಾಣ ಬಂದಂದಿನಿಂದ ಅಲ್ಲಿನ ಬಾಡಿಗೆ ಕೈಗೆಟುಕದಂತೆ ಏರಿ ಕೂತಿತ್ತು. ಅವನ ಹೆಂಡತಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಂತು ದುಡಿಯುತ್ತಿದ್ದಳು. ಇಬ್ಬರ ಸಂಬಳ ಕೂಡಿಸಿದರೆ ಒಂದು ಮಲಗುವ ಕೋಣೆಯ ಮನೆಯೇ ಹೆಚ್ಚು.

ಬ್ರೋಕರ್ ಒಬ್ಬ ಸಿಕ್ಕಿದ. ಎರಡು ಫೋನುಗಳ ಆಸಾಮಿ. ಒಂದರಲ್ಲಿ ಮಾತಾಡುತ್ತ ಇನ್ನೊಂದರಲ್ಲಿ ಫೋಟೊ ತೋರಿಸುತ್ತಿದ್ದ. ಅವನ ಹಿಂದೆ ಗಂಡ ಹೆಂಡತಿ ಐದು ವಾರ ಅಲೆದರು. ಮೊದಲನೆಯ ಮನೆಯಲ್ಲಿ ಮಲಗುವ ಕೋಣೆ ಎಂದರೆ ಬಾಲ್ಕನಿಗೆ ಪ್ಲೈವುಡ್ ಹೊಡೆದು ಮುಚ್ಚಿದ ಜಾಗ. ಮಂಚ ಹಾಕಿದರೆ ಬಾಗಿಲಿನಿಂದ ನೇರವಾಗಿ ಹಾಸಿಗೆಯ ಮೇಲೇ ಹತ್ತಬೇಕು. ಎರಡನೆಯದರಲ್ಲಿ ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತಿತ್ತು. ಮೂರನೆಯದು ಎಲ್ಲ ರೀತಿಯಲ್ಲೂ ಹಿಡಿಸಿತು. ಆದರೆ ಮನೆ ಮಾಲೀಕರು ರಿಟೈರಾದ ಅಧಿಕಾರಿ, ನಿದ್ದೆ ಸೂಕ್ಷ್ಮ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬರುತ್ತದೆಯೋ ಎಂದು ಕೇಳಿದರು. ಲಿಫ್ಟಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬರುತ್ತದೆ ಎಂದ. ಅಲ್ಲಿಗೆ ಆ ಮಾತು ಮುಗಿಯಿತು. ನಾಲ್ಕನೆಯ ಮನೆಯ ಬಗ್ಗೆ ಇಬ್ಬರೇ ಮಾತಾಡಿಕೊಂಡು ಬರೋಣವೆಂದು ಕೆಳಗಿಳಿದು ಒಂದು ಚಹಾ ಕುಡಿಯುವಷ್ಟರಲ್ಲಿ, ಮತ್ತೊಂದು ಜೋಡಿ ಮುಂಗಡ ಕೊಟ್ಟು ಕೀಲಿ ಇಸಿದುಕೊಂಡಿತ್ತು.

ಗಡುವಿಗೆ ಹತ್ತೊಂಬತ್ತು ದಿನ ಉಳಿದಿದ್ದಾಗ ಬ್ರೋಕರ್ ತಲೆ ಕೆರೆದುಕೊಂಡು, ಒಂದು ಮನೆ ಇದೆ, ಬಾಡಿಗೆ ಸುತ್ತಲಿನದಕ್ಕಿಂತ ಅರ್ಧಕ್ಕೆ ಅರ್ಧ ಕಡಿಮೆ, ಆದರೆ ಎಂದು ರಾಗ ಎಳೆದ. ಆ 'ಆದರೆ' ಏನೆಂಬುದು ಕಟ್ಟಡದ ಬಾಗಿಲಲ್ಲೇ ತಿಳಿಯಿತು. ಏಳು ಮಹಡಿಯ ಕಟ್ಟಡ, ಮನೆಯಿರುವುದು ಆರನೆಯದರಲ್ಲಿ, ಲಿಫ್ಟಿನ ಬಾಗಿಲಿಗೆ ತಂತಿ ಸುತ್ತಿ ಗಂಟು ಹಾಕಿತ್ತು. ಅದು ನಿಂತು ನಾಲ್ಕು ವರ್ಷವಾಗಿತ್ತು. ರಿಪೇರಿಗೆ ಯಾವುದೋ ಕಂಪನಿ ಹೇಳಿದ ಮೊತ್ತ ಕೇಳಿ ಮಾಲೀಕಳು ಗಾಬರಿಬಿದ್ದು, ಐದು, ಆರು, ಏಳನೆಯ ಮಹಡಿಗಳ ಬಾಡಿಗೆ ಇಳಿಸಿ ಸುಮ್ಮನಾಗಿದ್ದಳು.

ಲಿಫ್ಟಣ್ಣ ಆ ತಂತಿಯ ಗಂಟನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳ ಎಡಮೊಣಕಾಲು ಮೂರು ವರ್ಷದಿಂದ ಸರಿಯಿರಲಿಲ್ಲ. ಅವಳು ಮೆಟ್ಟಿಲು ಹತ್ತತೊಡಗಿದಳು. ಮೂರನೆಯ ಮಹಡಿಯಲ್ಲಿ ನಿಂತಳು, ಐದರಲ್ಲಿ ಮತ್ತೆ ನಿಂತಳು. ಮೇಲೆ ಹೋದರೆ ಮನೆ ಚೊಕ್ಕವಾಗಿತ್ತು. ಎರಡು ಕಡೆ ಕಿಟಕಿ, ಮಲಗುವ ಕೋಣೆಯಲ್ಲಿ ಬೀರು ಇಟ್ಟ ಮೇಲೂ ಓಡಾಡಲು ಜಾಗ, ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಕೂಡಲೇ ನೀರು.

"ನೀವು ಲಿಫ್ಟ್ ರಿಪೇರಿ ಮಾಡೋರು ಅಂತ ಕೆಳಗೆ ಆ ಓನರಮ್ಮನಿಗೆ ಹೇಳಿದ್ದೀರಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಇಲ್ಲ. ಕೇಳಲಿಲ್ಲ."

"ಕೇಳೋವರೆಗೂ ಹೇಳ್ಬೇಡಿ. ಮನೆ ಹಿಡಿಯೋಣ."

ಹಿಡಿದರು. ಮೂರನೆಯ ಮಹಡಿಯ ತಿರುವಿನಲ್ಲಿ ಅವಳು ಒಂದು ಸ್ಟೂಲು ಇಟ್ಟಳು. ಕೆಲವೇ ದಿನಗಳಲ್ಲಿ ಮೇಲಿನ ಮಹಡಿಗಳವರೆಲ್ಲ ಅದರ ಮೇಲೆ ಕೂತು ಎದ್ದು ಹೋಗುವುದು ರೂಢಿಯಾಯಿತು. ಅಲ್ಲಿಯೇ ಪರಿಚಯಗಳೂ ಆದವು. ಐದನೆಯ ಮಹಡಿಯಲ್ಲಿ ಒಬ್ಬರೇ ಇದ್ದ ಟೈಪಿಂಗ್ ಮೇಷ್ಟ್ರನ್ನು ಮಾತ್ರ ಆ ಸ್ಟೂಲಿನ ಮೇಲೆ ಯಾರೂ ಕಂಡಿರಲಿಲ್ಲ. ಎಪ್ಪತ್ತು ದಾಟಿದ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಕೆಳಗಿಳಿಯದೆ ಹದಿನಾಲ್ಕು ತಿಂಗಳಾಗಿತ್ತು. ಸಾಮಾನನ್ನು ಬುಟ್ಟಿಗೆ ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳುತ್ತಿದ್ದರು. ಏಳನೆಯ ಮಹಡಿಯಲ್ಲಿ ಹೊಲಿಗೆ ಮಾಡುವ ಹೆಂಗಸೊಬ್ಬಳಿದ್ದಳು. ಗಂಡ ಬಿಟ್ಟು ಹೋಗಿ ಆರು ವರ್ಷ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಎಲ್ಲರೂ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ ಸಹ.

ಗುಟ್ಟು ಮೂರು ವಾರವೂ ನಿಲ್ಲಲಿಲ್ಲ. ತಾರಸಿಯಲ್ಲಿ ಒಣಹಾಕಿದ ಸಮವಸ್ತ್ರದ ಮೇಲೆ ಲಿಫ್ಟ್ ಕಂಪನಿಯ ಹೆಸರು ಅಂಗೈ ಅಗಲ ಬರೆದಿತ್ತು. ಅದನ್ನು ಮೊದಲು ಓದಿದವಳು ಟೈಲರಕ್ಕ. ಅಂದು ಸಂಜೆಯೇ ಬಂದಳು. ಚಹಾ ಕೊಟ್ಟರೆ ಕುಡಿದಳು, ಮಕ್ಕಳ ಪರೀಕ್ಷೆಯ ಸಂಗತಿ ಹೇಳಿದಳು, ಲೋಟ ಕೆಳಗಿಟ್ಟಮೇಲೆ ವಿಷಯಕ್ಕೆ ಬಂದಳು.

"ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಲಿಫ್ಟಿಗೆ ಕೈ ಹಾಕ್ಬೇಡಿ."

ಲಿಫ್ಟಣ್ಣ ಅವಳ ಕಡೆ ತಿರುಗಿ ಕೂತ.

"ಅದು ಓಡೋಕೆ ಶುರುವಾದ ದಿನ ನನ್ನ ಬಾಡಿಗೆ ಕೆಳಗಿನವರಷ್ಟೇ ಆಗತ್ತೆ. ಈ ಸ್ಕೂಲಿನ ಹತ್ರ ನನಗೆ ಬೇರೆ ಯಾರು ಮನೆ ಕೊಡ್ತಾರೆ? ಹತ್ತಿ ಇಳಿಯೋದು ನಮಗೆ ಕಷ್ಟ ಅಲ್ಲ. ಮಕ್ಕಳಿಗಂತೂ ಅದು ಆಟ."

ತಾನು ಅದನ್ನು ಮುಟ್ಟಿಲ್ಲ, ಮುಟ್ಟುವಂತೆ ಯಾರೂ ಹೇಳಿಲ್ಲ ಎಂದು ಅವನು ಹೇಳಿದ. ಅದು ನಿಜವೂ ಆಗಿತ್ತು. ಆದರೆ ಮುಂದಿನ ಭಾನುವಾರ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಪ್ಪತ್ತೆರಡು ವರ್ಷ ಲಿಫ್ಟುಗಳ ಹೊಟ್ಟೆ ಸೀಳಿ ನೋಡಿದವನಿಗೆ ತನ್ನ ತಲೆಯ ಮೇಲೆ ಒಂದು ಸತ್ತು ಬಿದ್ದಿದೆಯೆಂದರೆ ಹೇಗಿದ್ದೀತು. ತಾರಸಿಯ ಮೆಷಿನ್ ರೂಮಿಗೆ ಹೋಗಿ ಬಾಗಿಲು ತೆಗೆದ. ಪಾರಿವಾಳಗಳ ಹಿಕ್ಕೆ ಗೇಣೆತ್ತರ. ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರಿ ಬ್ರೇಕಿನ ಪಟ್ಟಿ ನುಣುಪಾಗಿತ್ತು. ಕಂಟ್ರೋಲಿನ ಎರಡು ಬೋರ್ಡು ಸುಟ್ಟಿದ್ದವು. ಹಗ್ಗಗಳ ಉಕ್ಕಿನ ಎಳೆಗಳು ಅಲ್ಲಲ್ಲಿ ತುಕ್ಕು ಹಿಡಿದು ಕಿತ್ತು ನಿಂತಿದ್ದವು. ಮೋಟರು ಮಾತ್ರ ಗಟ್ಟಿಯಾಗಿತ್ತು. ಆಗದೆ ಇರುವಂಥ ಕೆಲಸವೇನಲ್ಲ ಅದು. ಕೈ ತೊಳೆದು ಕೆಳಗಿಳಿದು ಬಂದ. ಹೆಂಡತಿಗೂ ಹೇಳಲಿಲ್ಲ. ಅವಳು ಅವನ ಅಂಗಿಯ ಮೇಲಿನ ಗ್ರೀಸು ನೋಡಿಯೂ ಕೇಳಲಿಲ್ಲ.

ಎಂಟು ತಿಂಗಳು ಹಾಗೇ ಕಳೆಯಿತು. ಅವಳ ಮೊಣಕಾಲಿಗೆ ಈಗ ಪಟ್ಟಿ ಬಂದಿತ್ತು. ಕೆಲಸ ಮುಗಿಸಿ ಬಂದು ಮೂರನೆಯ ಮಹಡಿಯಲ್ಲಿ ಹತ್ತು ನಿಮಿಷ ಕೂರುತ್ತಿದ್ದವಳು ಈಗ ಕಾಲು ಗಂಟೆ ಕೂರುತ್ತಿದ್ದಳು.

ಒಂದು ಬೆಳಗ್ಗೆ ಟೈಪಿಂಗ್ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದರು. ಮೆಟ್ಟಿಲಿಳಿಯುತ್ತಿದ್ದಾಗ ಸದ್ದು ಕೇಳಿ ಓಡಿ ಬಂದವಳು ಟೈಲರಕ್ಕ. ಬಲಗಾಲಿನ ಹರಡು ಮುರಿದಿತ್ತು. ಆಂಬುಲೆನ್ಸಿನವರು ಸ್ಟ್ರೆಚರ್ ತಂದರೆ ಅದು ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಕೊನೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆಯಿಂದ ಬಿಗಿದು, ಲಿಫ್ಟಣ್ಣ ಮತ್ತು ಇನ್ನೂ ಮೂವರು ಹಿಡಿದು ಇಳಿಸಿದರು. ಟೈಲರಕ್ಕ ಅವರಿಗೆ ಮುಖ ಮಾಡಿ ಮುಂದೆ ಮುಂದೆ ಹಿಂಗಾಲಿನಲ್ಲಿ ಇಳಿಯುತ್ತ, ಇಲ್ಲಿ ತಿರುವು, ಇಲ್ಲಿ ಮೆಟ್ಟಿಲು ಸಣ್ಣದು ಎಂದು ಹೇಳಿಕೊಟ್ಟಳು. ಇಪ್ಪತ್ತೈದು ನಿಮಿಷ ಹಿಡಿಯಿತು. ಪ್ರತಿ ಮಹಡಿಗೂ ಮೇಷ್ಟ್ರು, ತೊಂದರೆ ಕೊಟ್ಟೆ, ತೊಂದರೆ ಕೊಟ್ಟೆ ಎನ್ನುತ್ತಿದ್ದರು.

ಒಂಬತ್ತು ದಿನದ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರನ್ನು ಅದೇ ಕುರ್ಚಿಯಲ್ಲಿ ಮೇಲಕ್ಕೆ ಹೊತ್ತರು. ಮೂರನೆಯ ಮಹಡಿಯಲ್ಲಿ ಸುಧಾರಿಸಿಕೊಳ್ಳಲು ಕುರ್ಚಿ ಇಳಿಸಿದಾಗ, ಹೊತ್ತವರು ಬೆವರು ಒರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಲಿಫ್ಟಣ್ಣನ ಕಡೆ ನೋಡಿದರು.

"ಮೇಲೆ ಮೆಷಿನ್ ನೋಡಿದ್ದೀರಾ?"

"ನೋಡಿದ್ದೀನಿ ಮೇಷ್ಟ್ರೇ."

"ಆಗತ್ತಾ?"

"ಆಗತ್ತೆ."

ಟೈಲರಕ್ಕ ಅಲ್ಲೇ ಇದ್ದಳು. ಬಗ್ಗಿ ಕುರ್ಚಿಗೆ ಬಿಗಿದ ಬಟ್ಟೆಯ ಗಂಟನ್ನು ಸರಿಮಾಡಿದಳು. ಮತ್ತೆ ಕುರ್ಚಿ ಎತ್ತಿ ಉಳಿದ ಎರಡು ಮಹಡಿ ಹತ್ತಿದರು.

ಅಂದು ಊಟವಾದ ಮೇಲೆ ಲಿಫ್ಟಣ್ಣ ಹೆಂಡತಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ರಿಪೇರಿಯಾದರೆ ತಮ್ಮ ಬಾಡಿಗೆಯೂ ಏರುತ್ತದೆ. ಆಗದಿದ್ದರೆ ಇನ್ನೆರಡು ವರ್ಷದಲ್ಲಿ ಅವಳೂ ಮೇಷ್ಟ್ರ ಹಾಗೆ ಕಿಟಕಿಯಿಂದ ಬುಟ್ಟಿ ಇಳಿಸಬೇಕಾದೀತು. ಟೈಲರಕ್ಕನ ಮುಖ ನೋಡಿದರೆ ಒಂದು, ಮೇಷ್ಟ್ರ ಮುಖ ನೋಡಿದರೆ ಇನ್ನೊಂದು. ಹೆಂಡತಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ, ಮಾಲೀಕಳ ಹತ್ತಿರ ನೇರವಾಗಿ ಕೂತು ಮಾತಾಡದೆ ಇಲ್ಲಿ ಲೆಕ್ಕ ಹಾಕಿ ಏನು ಪ್ರಯೋಜನ ಎಂದಳು.

ಮಾಲೀಕಳು ನೆಲಮಹಡಿಯಲ್ಲೇ ಇದ್ದಳು. ಎಪ್ಪತ್ತಾರು ವಯಸ್ಸು, ಕಣ್ಣು ಚುರುಕು, ಕಿವಿ ಬೇಕಾದಾಗ ಮಂದ. ತೀರಿಕೊಂಡ ಗಂಡ ಬಿಟ್ಟುಹೋದ ಕಟ್ಟಡವೊಂದೇ ಅವಳ ಆದಾಯ. ಲಿಫ್ಟಣ್ಣ ಅವಳ ಮುಂದೆ ಕೂತು, ಸಿಕ್ಕಿಕೊಂಡವರ ಜೊತೆ ಮಾತಾಡುವ ಹಾಗೆಯೇ ಶುರುಮಾಡಿದ. ನಿದ್ದೆ, ಕಣ್ಣಿನ ಆಪರೇಷನ್ನು, ನೀರಿನ ಟ್ಯಾಂಕಿನ ಬಿರುಕು ಎಲ್ಲ ಬಂದುಹೋದವು. ಆಮೇಲೆ ತಾನು ಯಾರೆಂದು ಹೇಳಿದ. ಸಾಮಾನು ಅವಳದು, ಕೆಲಸ ತನ್ನದು, ಕೂಲಿ ಬೇಡ. ತಾನು ಆ ಮನೆಯಲ್ಲಿರುವವರೆಗೆ ಅದನ್ನು ನೋಡಿಕೊಳ್ಳುವುದೂ ತನ್ನದೇ. ಬದಲಿಗೆ ಮೇಲಿನ ಮೂರು ಮಹಡಿಗಳ ಬಾಡಿಗೆ ಮೂರು ವರ್ಷ ಏರಿಸಬಾರದು. ಹಾಗೆಂದು ಬರೆದುಕೊಡಬೇಕು.

"ನನ್ನ ಮನೆ ಬಾಡಿಗೆ ನೀನು ಹೇಳ್ತೀಯೇನಪ್ಪಾ?" ಎಂದಳು ಮಾಲೀಕಳು.

"ಕೇಳ್ತಾ ಇದ್ದೀನಿ ಅಮ್ಮಾ."

"ಬಾಯಿಮಾತು ಸಾಲದಾ? ಮೂರು ವರ್ಷ ನಾನಿರ್ತೀನೋ ಇಲ್ವೋ."

"ಅದಕ್ಕೇ ಬರೆದುಕೊಡಿ ಅಂತಿರೋದು."

ಅವಳಿಗೆ ನಗು ಬಂತು. ನಕ್ಕ ಮೇಲೆ ಬಿಗಿಯಾಗಿ ಕೂರುವುದು ಕಷ್ಟ. ಮೂರು ಆಗದು, ಎರಡು ವರ್ಷ ಎಂದಳು. ಲಿಫ್ಟಣ್ಣ ಎಷ್ಟು ಕೂತರೂ ಅದರ ಮೇಲೆ ಒಂದು ತಿಂಗಳೂ ಹೆಚ್ಚಲಿಲ್ಲ.

ಕರಾರುಪತ್ರವನ್ನು ಮೇಷ್ಟ್ರೇ ತಮ್ಮ ಹಳೆಯ ಯಂತ್ರದಲ್ಲಿ ಟೈಪು ಮಾಡಿದರು, ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು. ಒಂದೂ ಅಕ್ಷರ ತಪ್ಪಿಲ್ಲದ ನಾಲ್ಕು ಪ್ರತಿ. ಟೈಲರಕ್ಕ ತನ್ನ ಪ್ರತಿಯನ್ನು ಎರಡು ಸಲ ಓದಿದಳು.

"ಎರಡು ವರ್ಷ ಆದ್ಮೇಲೆ?"

ಮೇಷ್ಟ್ರು ಪೆನ್ನು ಮುಂದೆ ಚಾಚಿದರು. ಅವಳು ಸಹಿ ಹಾಕಿದಳು. ಆದರೆ ಆಮೇಲೆ ಕೆಲವು ವಾರ ಲಿಫ್ಟಣ್ಣ ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳೇ ಹೊರತು ಮೊದಲಿನಂತೆ ನಿಂತು ಮಾತಾಡುತ್ತಿರಲಿಲ್ಲ.

ಕಂಪನಿಯ ಸೂಪರ್‌ವೈಸರಿಗೆ ಅವನು ವಿಷಯ ಮುಚ್ಚಿಡಲಿಲ್ಲ. ರಜೆ ಹಾಕಿ ಮಾಡು, ಸಮವಸ್ತ್ರ ಹಾಕಿಕೊಂಡು ಮಾಡಬೇಡ, ನಾನು ಕೇಳಿಸಿಕೊಂಡಿಲ್ಲ ಎಂದು ಅವರು ಹೇಳಿದರು. ಭಾನುವಾರಗಳಲ್ಲದೆ ಎಂಟು ದಿನದ ರಜೆಯೂ ಅದಕ್ಕೇ ಹೋಯಿತು. ಕೆಡವುತ್ತಿದ್ದ ಹೋಟೆಲೊಂದರಿಂದ ಹಳೆಯ ಬೋರ್ಡು, ಬ್ರೇಕು ಅಗ್ಗಕ್ಕೆ ಸಿಕ್ಕವು. ಹಗ್ಗದ ವಿಷಯಕ್ಕೆ ಬಂದಾಗ ಮಾತ್ರ ಅವನು ಜಗ್ಗಲಿಲ್ಲ. ಹೊಸದೇ ಆಗಬೇಕು ಎಂದ. ಮಾಲೀಕಳು ಮೂಗು ಮುರಿದಳು, ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ದುಡ್ಡು ಕೊಟ್ಟಳು. ಹಗ್ಗ ಏರಿಸಲು ಜೊತೆ ಕೆಲಸದ ಗೆಳೆಯನೊಬ್ಬ ಬಂದ. ಇಡೀ ದಿನ ಒಬ್ಬ ತಾರಸಿಯಲ್ಲಿ, ಒಬ್ಬ ಗುಂಡಿಯಲ್ಲಿ, ನಡುವೆ ಏಳು ಮಹಡಿಗಳ ಕತ್ತಲ ಕೊಳವೆಯಲ್ಲಿ ಇಬ್ಬರ ಕೂಗು. ಮರಳಿನ ಚೀಲ ತುಂಬಿ ಹತ್ತಾರು ಸಲ ಓಡಿಸಿ ನೋಡಿದರು. ಸರ್ಕಾರದ ಇನ್‌ಸ್ಪೆಕ್ಟರ್ ಬಂದು, ಬ್ರೇಕು ಹಿಡಿಸಿ ಬಿಡಿಸಿ, ಒಂದು ಬಾಗಿಲಿನ ಬೀಗ ಬದಲಿಸಲು ಹೇಳಿ ಹೋದರು. ಮತ್ತೆ ಬಂದು ಸಹಿ ಹಾಕಿದರು.

ಜನ ಹತ್ತಲು ಶುರುವಾದ ದಿನ ಸಮಾರಂಭವೇನೂ ಆಗಲಿಲ್ಲ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರುಗೋಲು ಹಿಡಿದು, ಒಬ್ಬರೇ ಕೆಳಗಿಳಿದರು. ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ರಸ್ತೆಯ ಎರಡೂ ತುದಿ ನೋಡಿದರು. ಎದುರಿನ ಅಂಗಡಿಯಲ್ಲಿ ಪೇಪರು ಕೊಂಡು ಮೇಲೆ ಹೋದರು. ಸಂಜೆ ಮತ್ತೆ ಇಳಿದರು, ಪೇಪರೇನೂ ಬೇಕಿರಲಿಲ್ಲ. ಲಿಫ್ಟಣ್ಣನ ಹೆಂಡತಿ ಮೊದಲ ವಾರ, ಗಂಡನೇ ರಿಪೇರಿ ಮಾಡಿದ್ದು ಎಂಬ ಕಾರಣಕ್ಕೋ ಏನೋ, ಒಳಗೆ ನಿಂತಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅವನಿಗೆ ಅದು ಕಂಡಿತ್ತು. ಹೊಟ್ಟೆಗೆ ಹಾಕಿಕೊಂಡ.

ಎರಡು ವರ್ಷ ಎಂಬುದು ಬೇಗ ಮುಗಿಯಿತು. ಮಾಲೀಕಳು ಗಟ್ಟಿಮುಟ್ಟಾಗಿದ್ದಳು. ಬರೆದುಕೊಟ್ಟ ಮಾತಿಗೆ ಒಂದು ದಿನವೂ ತಪ್ಪಿರಲಿಲ್ಲ. ಅವಧಿ ಮುಗಿದ ತಿಂಗಳೇ ಬಾಡಿಗೆ ಏರಿಸಿದಳು. ಕೆಳಗಿನವರಷ್ಟು ಅಲ್ಲ, ಆದರೆ ಸಾಕಷ್ಟು. ಅಷ್ಟರಲ್ಲಿ ಲಿಫ್ಟಣ್ಣನಿಗೆ ಸಂಬಳ ಹೆಚ್ಚಿತ್ತು, ತಡೆದುಕೊಂಡ. ಮೇಷ್ಟ್ರು ಪಿಂಚಣಿಯಲ್ಲಿ ಅದನ್ನೂ ಇದನ್ನೂ ಕತ್ತರಿಸಿ ಸರಿದೂಗಿಸಿದರು. ಟೈಲರಕ್ಕನಿಗೆ ಆಗಲಿಲ್ಲ. ಲಿಫ್ಟಣ್ಣ ಅವಳಿಗಾಗಿ ಮಾಲೀಕಳ ಬಳಿ ಎರಡು ಸಲ ಹೋಗಿ ಬಂದ. ಎರಡನೆಯ ಸಲ ಮಾಲೀಕಳ ಕಿವಿ ಮಂದವಾಗಿತ್ತು.

ಅಂದಿನಿಂದ ಅವನು ಕರೆಗೆ ಹೋದ ಪ್ರತಿ ಕಟ್ಟಡದಲ್ಲೂ ಕೆಲಸ ಮುಗಿಸಿ ಹೊರಡುವ ಮುನ್ನ ವಾಚ್‌ಮನ್‌ನನ್ನು ಕೇಳುತ್ತಿದ್ದ, ಒಂದು ಮಲಗುವ ಕೋಣೆಯ ಮನೆ ಖಾಲಿ ಇದೆಯೇ ಎಂದು. ಮಾತು ಕಡಿಮೆಯವನು ಅದೊಂದನ್ನು ಐವತ್ತು ಅರವತ್ತು ಕಡೆ ಕೇಳಿರಬೇಕು. ಏಳನೆಯ ವಾರ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ, ಎರಡನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಶಾಲೆಯಿಂದ ನಾಲ್ಕು ರಸ್ತೆ ಆಚೆ. ಕೋಣೆ ಚಿಕ್ಕದು, ಹಗಲೆಲ್ಲ ಕೆಳಗಿನ ಯಂತ್ರದ ದಡದಡ. ಬಾಡಿಗೆ ಟೈಲರಕ್ಕನ ಕೈಗೆಟುಕುವಂತಿತ್ತು.

ಮನೆ ಸಾಗಿಸುವ ದಿನ ಲಿಫ್ಟಣ್ಣ ರಜೆ ಹಾಕಿದ. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಎರಡು ಮಂಚ, ಪುಸ್ತಕದ ಪೆಟ್ಟಿಗೆಗಳು. ಲಿಫ್ಟಿನ ಐದೇ ಸುತ್ತಿನಲ್ಲಿ ಎಲ್ಲವೂ ಕೆಳಗಿಳಿಯಿತು. ಕೊನೆಯ ಸುತ್ತಿನಲ್ಲಿ ಅವನೂ ಟೈಲರಕ್ಕನೂ ಹೊಲಿಗೆ ಯಂತ್ರದ ಆಚೆ ಈಚೆ ನಿಂತಿದ್ದರು.

"ಮೆಟ್ಟಿಲಲ್ಲಾಗಿದ್ರೆ ಇಡೀ ದಿನ ಹಿಡೀತಿತ್ತು," ಎಂದಳು ಅವಳು.

ಅದು ಕೊಂಕೋ ಉಪಕಾರದ ಮಾತೋ ಅವನಿಗೆ ತಿಳಿಯಲಿಲ್ಲ. ಅವಳ ಮುಖದಲ್ಲೂ ಏನೂ ಕಾಣಲಿಲ್ಲ. ಹೂಂ ಎಂದ. ಕೆಳಗೆ ಬಂದಾಗ ಬಾಗಿಲು ಹಿಡಿದು ನಿಂತು, ಅವಳು ಹೊರಗೆ ಹೋದ ಮೇಲೆ ಯಂತ್ರವನ್ನು ಎತ್ತಿ ಕೈಗಾಡಿಯಲ್ಲಿಟ್ಟ. ಹೊಸ ಮನೆಯಲ್ಲಿ ಕಿಟಕಿಯ ಬೆಳಕು ಬೀಳುವ ಕಡೆ ಮೇಜು ಹೂಡಿ, ಅಲ್ಲಾಡುತ್ತಿದ್ದ ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟು ಬಂದ. ಆಮೇಲೆ ಅವನ ಹೆಂಡತಿ ರವಿಕೆ ಹೊಲಿಸಲು ಅಲ್ಲಿಗೇ ಹೋಗುತ್ತಿದ್ದಳು. ಎರಡೇ ಮಹಡಿಯಾದ್ದರಿಂದ ಗಿರಾಕಿಗಳು ಹೆಚ್ಚಾಗಿದ್ದಾರೆಂದೂ, ಸದ್ದಿಗೆ ಚಿಕ್ಕ ಮಗಳಿಗೆ ತಲೆನೋವು ಬರುತ್ತದೆಂದೂ ಸುದ್ದಿ ತರುತ್ತಿದ್ದಳು.

ಏಳನೆಯ ಮಹಡಿಗೆ ಹತ್ತು ದಿನದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಎರಡನೆಯ ದಿನ ಆ ಹುಡುಗಿ ಲಿಫ್ಟಿನಲ್ಲಿ ಎದುರಾಗಿ, ಇದು ಸ್ವಲ್ಪ ನಿಧಾನ ಅಲ್ವಾ ಎಂದು ಕೇಳಿದಳು. ಲಿಫ್ಟಣ್ಣ ಆ ಭಾನುವಾರ ಗಡಿಯಾರ ಹಿಡಿದು ಮೂರು ಸಲ ವೇಗ ಅಳೆದು ನೋಡಿದ. ಎಷ್ಟಿರಬೇಕೋ ಅಷ್ಟೇ ಇತ್ತು. ಮರುದಿನ ಬೆಳಗ್ಗೆ ಹಾಗೆಂದು ಅವಳಿಗೆ ಹೇಳಿ ಕೆಲಸಕ್ಕೆ ಹೋದ.